ಬದುಕಿದ್ದವನ ಬಾಗಿಲಕಾಯಿ

ಮುದ್ದೆ ಮುರಿದು ಹುರುಳಿ ಸಾರಿಗೆ ಅದ್ದಿ ಬಾಯಿಯ ಹತ್ತಿರ ತಂದೆ. ಬಾಯಿ ತೆರೆಯಲಿಲ್ಲ.

ಹಲ್ಲುಗಳ ನಡುವೆ ಒಂದು ಬೆರಳು ತೂರುವಷ್ಟು ಸಂದು. ಅಷ್ಟೆ. ತುತ್ತು ತುಟಿಗೆ ತಾಗಿ ತಟ್ಟೆಗೇ ವಾಪಸು ಬಿತ್ತು. ಎದುರಿಗೆ ಕೂತಿದ್ದ ನನ್ನ ಹೆಂಡತಿ ಜಯಮ್ಮ, "ಯಾಕೆ, ಸಾರು ಸರಿಗಿಲ್ವಾ?" ಅಂದಳು. ಉಪ್ಪು ಖಾರಕ್ಕೆ ನಾನು ತಕರಾರು ತೆಗೆಯುವವನೇ, ಇಲ್ಲವೆನ್ನುವುದಿಲ್ಲ. ಆದರೆ ತಕರಾರಿಗೂ ಬಾಯಿ ಬೇಕಲ್ಲ. "ದವಡೆ ಹಿಡ್ಕಂಡೈತೆ ಕಣೇ" ಅಂದೆ. ಮಾತು ಹಲ್ಲಿನ ಸಂದಿಯಿಂದ ಸೋರಿದಂತೆ ಬಂತು.

"ಒಳ್ಳೇದಾಯ್ತು ಬುಡು. ಒಂದಿನ ಮನೆ ತಣ್ಣಗಿರ್ಲಿ" ಎಂದು ಅವಳು ನಕ್ಕಳು. ನಾನೂ ನಕ್ಕೆ.

ಆ ನಗು ಮುಖದಿಂದ ಇಳಿಯಲಿಲ್ಲ.

ನನ್ನ ಹೆಸರು ತಿಮ್ಮಣ್ಣ. ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ರಸ್ತೆಯ ಬದಿಯ ಒಂದು ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುವ ಕೆಲಸ. ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯನ್ನು ರೈತರು ಗಾಡಿಯಲ್ಲಿ ತಂದು ಹಾಕುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಕ್ ಎನ್ನಬೇಕು. ಹಾಗೆಂದರೆ ನೀರು ಬತ್ತಿದೆ, ಚಿಪ್ಪಿನಿಂದ ಬಿಟ್ಟುಕೊಂಡಿದೆ ಎಂದು ಲೆಕ್ಕ. ಅದನ್ನು ನೆಲಕ್ಕೆ ನೆಟ್ಟ ಕಬ್ಬಿಣದ ಗೂಟಕ್ಕೆ ಕುಕ್ಕಿ ಸಿಪ್ಪೆ ತೆಗೆಯುವುದು ನಮ್ಮ ಪಾಲು. ಕೈ ಜಾರಿದರೆ ಗೂಟ ಅಂಗೈ ಹೊಗುತ್ತದೆ. ಹಿಂದಿನ ವಾರ ನನ್ನದೂ ಹೊಕ್ಕಿತ್ತು. ನಮ್ಮ ಮಂಡಿಯಲ್ಲಿ ಯಾರ ಅಂಗೈ ನೋಡಿದರೂ ಅಂಥದ್ದು ಇದ್ದದ್ದೇ. ನಾರು ಸುಟ್ಟ ಬೂದಿ ಮೆತ್ತಿ, ಬಟ್ಟೆ ಸುತ್ತಿ, ಮತ್ತೆ ಕೆಲಸಕ್ಕೆ ಕೂತಿದ್ದೆ.

ದವಡೆ ಹಿಡಿದ ಮಾರನೆಯ ಬೆಳಿಗ್ಗೆ ಊರಿನ ಡಾಕ್ಟರು ಅಂಗೈ ನೋಡಿದರು, ಮುಖ ನೋಡಿದರು. ತಿಪಟೂರಿನ ಆಸ್ಪತ್ರೆಗೆ ಚೀಟಿ ಬರೆದರು. ಬಸ್ಸಿನಲ್ಲಿ ಜಯಮ್ಮನ ಪಕ್ಕ ಕೂತಿದ್ದೆ. ದಾರಿಯಲ್ಲಿ ಎಮ್ಮೆ ಅಡ್ಡ ಬಂದು ಡ್ರೈವರ್ ಹಾರನ್ ಒತ್ತಿದ. ನನ್ನ ಬೆನ್ನು ತಾನೇ ತಾನಾಗಿ ಹಿಂದಕ್ಕೆ ಬಾಗಿತು. ತಲೆ ಸೀಟಿಗೆ, ಹಿಮ್ಮಡಿ ನೆಲಕ್ಕೆ, ನಡುವಿನ ಮೈಯೆಲ್ಲ ಮೇಲಕ್ಕೆ. ನೋವು ಎನ್ನುವ ಮಾತು ಅದಕ್ಕೆ ಸಾಲದು. ಹಿಂದಿನ ಸೀಟಿನ ಮುದುಕಿಯೊಬ್ಬಳು "ಅಯ್ಯೋ ಶಿವನೇ, ಮೈಮೇಲೆ ಬಂದೈತೆ" ಎಂದು ಕೈ ಮುಗಿದಳು. ನನಗೆ ರೇಗಿಹೋಯಿತು. ಬಾಯಿದ್ದಿದ್ದರೆ ಅವಳಿಗೆ ಎರಡು ಮಾತು ಅಂದೇ ಇಳಿಯುತ್ತಿದ್ದೆ.

"ಟೆಟನಸ್" ಅಂದರು ತಿಪಟೂರಿನ ಡಾಕ್ಟರು. ಜಯಮ್ಮನ ಮುಖ ನೋಡಿ, "ಧನುರ್ವಾಯು ಅಂತಾರಲ್ಲಮ್ಮ, ಅದೇ. ಬೆಳಕು ಬೀಳಬಾರದು, ಸದ್ದು ಆಗಬಾರದು. ಚಮಚ ಬಿದ್ದರೂ ಫಿಟ್ಸ್ ಬರುತ್ತೆ. ಉಸಿರೇ ಕಟ್ಟಿಬಿಡಬಹುದು" ಎಂದು ಮೆಲ್ಲಗೆ ಹೇಳಿದರು.

ಕೊನೆಯ ರೂಮಿನಲ್ಲಿ ಮಲಗಿಸಿದರು. ಕಿಟಕಿಗೆ ಕಂಬಳಿ ಹೊದಿಸಿದರು. ಮೂಗಿನಲ್ಲಿ ಟ್ಯೂಬು, ಕೈಯಲ್ಲಿ ಡ್ರಿಪ್. ನರ್ಸಮ್ಮ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಅವರು ಬಂದದ್ದು ನನಗೆ ತಿಳಿಯುತ್ತಿದ್ದದ್ದು ಸ್ಪಿರಿಟ್ ವಾಸನೆಯಿಂದ, ಹೋದದ್ದು ಆ ವಾಸನೆ ಕಮ್ಮಿಯಾದಾಗ. ಹೊರಗೆ ನಡುಹಗಲು ಎಂದು ಗೊತ್ತು. ಒಳಗೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಈ ಕಾಯಿಲೆಯ ಕೇಡಿತನ ಎಂಥದ್ದೆಂದರೆ, ಮೈಯನ್ನೆಲ್ಲ ಬಿಗಿದು ಕಟ್ಟಿ ಬುದ್ಧಿಯನ್ನು ಮಾತ್ರ ಹಾಗೇ ಬಿಡುತ್ತದೆ. ಜ್ವರದಲ್ಲಾದರೆ ಮೈಮರೆಯಬಹುದು. ಇಲ್ಲಿ ಎಲ್ಲವೂ ಕೇಳುತ್ತದೆ, ಎಲ್ಲವೂ ತಿಳಿಯುತ್ತದೆ, ಒಂದು ರೆಪ್ಪೆ ಬಡಿಯುವುದಕ್ಕೂ ಭಯ.

ಬಾಗಿಲು ಸ್ವಲ್ಪ ಸರಿಸಿ ಜಯಮ್ಮ ಬಂದಳು. ಆ ಗೆರೆಯಷ್ಟು ಬೆಳಕಿನಲ್ಲಿ ನನ್ನ ಮುಖ ಕಂಡು ಅಲ್ಲೇ ನಿಂತಳು.

"ಯಾಕಿಂಗೆ ನಗ್ತೀಯ? ನಗಬ್ಯಾಡ. ನಂಗೆ ಭಯ ಆಯ್ತದೆ."

ನಾನು ನಗುತ್ತಿರಲಿಲ್ಲ.

ಅವಳ ಹಿಂದೆಯೇ ಬಂದ ಡಾಕ್ಟರು, "ಅದು ನಗು ಅಲ್ಲಮ್ಮ, ಮುಖದ ನರ ಬಿಗಿದಿರೋದು" ಎಂದರು. ಆಮೇಲೆ ಅವಳನ್ನು ಹೊರಗೆ ಕರೆದುಕೊಂಡು ಹೋದರು. ಬಾಗಿಲಾಚೆಯ ಪಿಸುಮಾತು ನನಗೆ ಸ್ಪಷ್ಟವಾಗಿ ಕೇಳಿತು. ನಂಜು ಇಳಿಸುವುದಕ್ಕೆ ಚುಚ್ಚಿದ ಸೀರಂ ಸಾಲದು. ಇನ್ನೂ ಬೇಕು. ತುಮಕೂರಿನಿಂದ ತರಬೇಕು, ಬೇಗ ತರಬೇಕು, ಅಗ್ಗದ್ದಲ್ಲ. ಜಯಮ್ಮ ಬಸ್ ಸ್ಟ್ಯಾಂಡಿಗೆ ಓಡಿ, ಪರಿಚಯದ ಕಂಡಕ್ಟರನ ಕೈಲಿ ಮಂಡಿಗೆ ಹೇಳಿ ಕಳಿಸಿದಳು. ನಮಗೆ ಇದ್ದದ್ದು ಮಂಡಿಯವರೇ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮಂಡಿಯ ಕೆಲಸಗಾರರಲ್ಲಿ ಒಂದು ಪದ್ಧತಿ ಇದೆ. ನಮ್ಮವರಲ್ಲಿ ಯಾರಾದರೂ ಸತ್ತರೆ ಉಳಿದವರೆಲ್ಲ ತಂತಮ್ಮ ಅಟ್ಟದಿಂದ ಕಾಯಿ ಇಳಿಸಿಕೊಂಡು ಹೋಗುತ್ತೇವೆ. ಒಂದನ್ನು ಹೊಸ್ತಿಲ ಹೊರಗೆ ಇಡುವುದು, ಮಿಕ್ಕಿದ್ದನ್ನು ಚೀಲದಲ್ಲೇ ಗೋಡೆಗೆ ಒರಗಿಸುವುದು. ಅದಕ್ಕೆ ಬಾಗಿಲಕಾಯಿ ಎನ್ನುತ್ತೇವೆ. ಇಡುವಾಗ ಮಾತಾಡುವಂತಿಲ್ಲ. ಸತ್ತವನ ಹೆಸರು ಎತ್ತುವಂತಿಲ್ಲ, ಎತ್ತಿದರೆ ಹೊರಟವನು ತಿರುಗಿ ನೋಡುತ್ತಾನಂತೆ. ಇಟ್ಟವನೂ ತಿರುಗಿ ನೋಡದೆ ಬರಬೇಕು. ಹಾಲುತುಪ್ಪ ಬಿಟ್ಟ ಮೇಲೆ ಹೆಂಡತಿಯಾದವಳು ಒಂದೊಂದೇ ಕಾಯನ್ನು ತನ್ನ ಕೈಯಾರೆ ಎತ್ತಿ ಸೆರಗಿಗೆ ಹಾಕಿಕೊಳ್ಳುತ್ತಾಳೆ. ಅವಳು ಎತ್ತುವ ತನಕ ಯಾರೂ ಮುಟ್ಟುವುದಿಲ್ಲ. ಎತ್ತಿದಳೆಂದರೆ ತಾಳಿ ತೆಗೆದಳು ಎಂದೇ ಅರ್ಥ. ಆ ಕಾಯಿ ಮಾರಿ ಸಂಸಾರ ನಾಲ್ಕು ದಿನ ನಡೆಯುತ್ತದೆ. ನಾನೂ ಎಷ್ಟೋ ಬಾಗಿಲಿಗೆ ಇಟ್ಟು ಬಂದವನು.

ಮಾರನೆಯ ಮಧ್ಯಾಹ್ನ ಇರಬೇಕು. ಹೊರಗಿನ ವರಾಂಡದಲ್ಲಿ ಬರಿಗಾಲಿನ ಹೆಜ್ಜೆ ಕೇಳಿಸಿತು. ಬಾಗಿಲ ತನಕ ಬಂತು, ನಿಂತಿತು. ಯಾರೂ ಮಾತಾಡಲಿಲ್ಲ.

ಗುಡುಕ್.

ಒಣಕಾಯನ್ನು ನೆಲಕ್ಕಿಟ್ಟ ಸದ್ದು. ಸಿಪ್ಪೆಯೊಳಗೆ, ಚಿಪ್ಪಿನೊಳಗೆ ಕೊಬ್ಬರಿ ಹೊರಳಿದ ಸದ್ದು. ದಿನಕ್ಕೆ ನೂರು ಸಲ ಕಿವಿಗೆ ಹಿಡಿದು ಕೇಳುವವನಿಗೆ ಅದು ತಪ್ಪುವುದಿಲ್ಲ. ಆಮೇಲೆ ಚೀಲ ಗೋಡೆಗೆ ಒರಗಿದ ಸದ್ದು. ಹೆಜ್ಜೆ ದೂರ ಹೋಯಿತು. ಇನ್ನೊಂದು ಹೆಜ್ಜೆ ಬಂತು. ಗುಡುಕ್. ಮತ್ತೊಂದು.

ನನ್ನ ಬಾಗಿಲಿಗೆ ಕಾಯಿ ಬೀಳುತ್ತಿತ್ತು.

ಮೊದಲು ಮೈ ಬಾಗಿತು, ಹಲ್ಲು ಇನ್ನೂ ಬಿಗಿಯಾಗಿ ಕಚ್ಚಿಕೊಂಡಿತು. ಅದು ಇಳಿದ ಮೇಲೆ ಯೋಚನೆ ಶುರುವಾಯಿತು, ಅದು ಇನ್ನೂ ಕೆಟ್ಟದ್ದು. ಸತ್ತವರಿಗೆ ತಾವು ಸತ್ತದ್ದು ತಿಳಿಯುತ್ತದೋ ಇಲ್ಲವೋ ಎಂದು ಯಾರು ಕಂಡಿದ್ದಾರೆ? ಹೀಗೇ ಇರಬಹುದಲ್ಲ? ಹಗಲಲ್ಲಿ ಕತ್ತಲೆ. ಬಾಯಿ ಕಟ್ಟಿದೆ. ಮುಖದ ಮೇಲೆ ತನ್ನದಲ್ಲದ ನಗು. ಬಂದವರು ಮಾತಾಡುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ, ಬಾಗಿಲ ತನಕ ಬಂದು ತಿರುಗಿ ನೋಡದೆ ಹೋಗುತ್ತಾರೆ. ನಾನು ಬಾಗಿಲಕಾಯಿ ಇಟ್ಟು ಬಂದ ಮನೆಗಳ ಒಳಗೆಲ್ಲ ಒಬ್ಬೊಬ್ಬ ಹೀಗೇ ಮಲಗಿ ನನ್ನ ಹೆಜ್ಜೆ ಕೇಳಿಸಿಕೊಂಡಿದ್ದನೇ? "ಇದ್ದೀನಿ ಕಣ್ರೋ" ಎಂದು ಕೂಗಬೇಕೆಂದು ಅವನ ಗಂಟಲೂ ಹೀಗೇ ಒದ್ದಾಡಿತೇ? ನಾನು ಕೂಗಿದೆ. ಗಂಟಲಿನಿಂದ ಉಸಿರು ಕೂಡ ಹೊರಬರಲಿಲ್ಲ.

ಆದದ್ದು ಇಷ್ಟು, ನನಗೆ ತಿಳಿದದ್ದು ಆಮೇಲೆ. ಕಂಡಕ್ಟರನ ಮಾತು ಕೇಳಿ ಮಂಡಿಯವರು ಯಾರ ಹತ್ತಿರವೂ ದುಡ್ಡಿಲ್ಲದೆ ಅಟ್ಟದ ಕಾಯಿ ಇಳಿಸಿಕೊಂಡು ಬಸ್ಸು ಹತ್ತಿದ್ದಾರೆ. ತಿಪಟೂರಿನಲ್ಲಿ ಅಟ್ಟದ ಕಾಯಿಗೆ ಗಿರಾಕಿ ಹುಡುಕಬೇಕಾಗಿಲ್ಲ. ಜಯಮ್ಮನ ಕೈಗೆ ಕೊಟ್ಟು ಬರುವುದೆಂದೇ ಹೊರಟವರು. ಆಸ್ಪತ್ರೆ ಬಾಗಿಲಲ್ಲಿ ನರ್ಸಮ್ಮ ತಡೆದು, ಚಪ್ಪಲಿ ಬಿಡಿ, ಮಾತಾಡಬೇಡಿ, ಪೇಷಂಟ್ ಹೆಸರು ಕೂಡ ಕೂಗಬೇಡಿ, ಒಬ್ಬೊಬ್ಬರೇ ಹೋಗಿ ಬನ್ನಿ ಎಂದಿದ್ದಾರೆ. ಕೈಯಲ್ಲಿ ಕಾಯಿ, ಬಾಯಲ್ಲಿ ಮಾತಿಲ್ಲ, ಎದುರಿಗೆ ಮುಚ್ಚಿದ ಬಾಗಿಲು. ಮೊದಲು ಬಂದವನ ಕೈ ತಾನಾಗಿಯೇ ಬಗ್ಗಿ ಕಾಯನ್ನು ಹೊಸ್ತಿಲ ಹೊರಗೆ ಇಟ್ಟಿದೆ. ಅವನನ್ನು ನೋಡಿ ಹಿಂದಿನವನು.

ಔಷಧಿ ಅಂಗಡಿಗೆ ಹೋಗಿದ್ದ ಜಯಮ್ಮ ವಾಪಸು ಬಂದಾಗ ಬಾಗಿಲ ಮುಂದೆ ಕಾಯಿ ಸಾಲಾಗಿ ಕೂತಿದ್ದವು. ಅವಳು ಚೀರಲಿಲ್ಲ. ಚೀರಿದರೆ ನನಗೆ ಫಿಟ್ಸ್ ಬರುತ್ತದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳಂತೆ. ಒಳಗೆ ಇಣುಕಿ ನನ್ನ ಎದೆ ಏಳುವುದನ್ನು ನೋಡಿ ಹೊರಗೆ ಹೋದಳು. ಅಲ್ಲಿಂದ ಪಿಸುಮಾತಿನಲ್ಲೇ ಜಗಳ.

"ಏನ್ ಮಾವ ಇದು? ಉಸಿರಾಡೋನ ಬಾಗ್ಲಿಗೆ ಇದನ್ ಇಕ್ಕಿದ್ದೀರಲ್ಲ, ನಿಮ್ ಕೈ ಸೇದೋಗಾ!"

ಮಾವ ಎಂದರೆ ಚಿಕ್ಕಣ್ಣ, ನಮ್ಮಲ್ಲೆಲ್ಲ ಹಿರಿಯ. ಕೊನೆಗೆ ಬಂದವನು ಅವನೇ. "ತಪ್ಪಾಯ್ತು ಕಣವ್ವ. ನಾ ನೋಡೋದ್ರೊಳಗೆ ಎಲ್ಲಾ ಇಕ್ಬುಟ್ಟವ್ರೆ" ಎಂದ.

"ಹಂಗಾರೆ ಎತ್ಕೊಂಡೋಗಿ. ಮಾರಿ. ಸೀರಂ ತನ್ನಿ."

"ಇಕ್ಕಿದ್ ಕಾಯಿ ಇಕ್ಕಿದೋನು ಎತ್ತಂಗಿಲ್ಲ. ಗೊತ್ತಲ್ಲವ್ವ. ಹೆಂಡ್ರು ಎತ್ತಬೇಕು. ಅದುಕ್ ಮುಂಚೆ ಚೀಲಾನೂ ಯಾರೂ ಮುಟ್ಟಾಕಿಲ್ಲ."

ನನ್ನ ಜೊತೆ ಒಂದೇ ಸಾಲಿನಲ್ಲಿ ಗೂಟ ಹಾಕಿಕೊಂಡು ಕೂರುವ ರುದ್ರಪ್ಪನೂ ಅಲ್ಲಿದ್ದ. "ಅತ್ತಿಗೆ, ನಾ ಎತ್ತುತೀನಿ, ಏನಾದ್ರೂ ಆಗ್ಲಿ" ಅಂದ. ಆದರೆ ಅವನ ಕೈ ಬಗ್ಗಲಿಲ್ಲವಂತೆ. ಅವನನ್ನು ಬೈಯಲಾರೆ. ಅವನ ಜಾಗದಲ್ಲಿದ್ದರೆ ನನ್ನ ಕೈಯೂ ಬಗ್ಗುತ್ತಿರಲಿಲ್ಲ.

ತುಮಕೂರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಆಮೇಲೆ ಬಾಗಿಲು ಸರಿಯಿತು. ಜಯಮ್ಮ ನನ್ನ ಕಿವಿಗೆ ಬಾಯಿಟ್ಟಳು. ಅವಳ ಉಸಿರು ಬಿಸಿಯಾಗಿತ್ತು.

"ಕೇಳುಸ್ತಾ? ನಾ ಎತ್ತುತೀನಿ. ನಾನು ಎತ್ತಿದ್ಮೇಲೆ ನೀನು ಸಾಯಂಗಿಲ್ಲ. ಸತ್ರೆ ನಾನೇ ನಿನ್ನ ಕೊಂದೆ ಅಂತ ಊರೋರು ಆಡ್ಕೊತಾರೆ. ಮಾನ ಕಳೀಬ್ಯಾಡ ನಂದು."

ಎದ್ದು ಹೋದಳು. ನಾನು ಕಿವಿಯೊಂದೇ ಆಗಿ ಮಲಗಿದ್ದೆ. ಒಂದು ಕಾಯಿ ಎದ್ದ ಸದ್ದು. ಅವಳ ಬಳೆಯ ಸದ್ದು. ಇನ್ನೊಂದು ಕಾಯಿ. ಮತ್ತೆ ಬಳೆ. ಬಾಗಿಲಕಾಯಿ ಎತ್ತುವ ಕೈಯಲ್ಲಿ ಬಳೆಯ ಸದ್ದನ್ನು ನಾನು ಎಂದೂ ಕೇಳಿದವನಲ್ಲ, ನಮ್ಮ ಮಂಡಿಯಲ್ಲಿ ಯಾರೂ ಕೇಳಿದವರಲ್ಲ. ಮೈ ಮತ್ತೆ ಬಾಗಿತು. ಈ ಸಲ ನಾನು ಅದರ ಜೊತೆ ಗುದ್ದಾಡಿದೆ. ಅವಳು ಅಲ್ಲಿ ಒಂದೊಂದೇ ಎತ್ತುವಾಗ ಇಲ್ಲಿ ನಾನು ಉಸಿರು ನಿಲ್ಲಿಸಿದರೆ ಹೇಗೆ? ಅಷ್ಟು ಅಳು ನನಗೆ ಹುಟ್ಟಿದಾರಭ್ಯ ಬಂದಿರಲಿಲ್ಲ. ಅಳುವುದಕ್ಕೂ ಮುಖ ನನ್ನದಾಗಿರಲಿಲ್ಲ.

ಕಾಯಿ ಮಾರಿ ರುದ್ರಪ್ಪ ತುಮಕೂರಿನಿಂದ ಸೀರಂ ತಂದ, ಐಸ್ ತುಂಬಿದ ಫ್ಲಾಸ್ಕಿನಲ್ಲಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು. ಆಮೇಲಿನ ದಿನಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಿ ಹೇಳಲಾರೆ. ನಿದ್ದೆಯ ಇಂಜೆಕ್ಷನ್, ಎಚ್ಚರ, ಬಿಗಿತ, ಮತ್ತೆ ನಿದ್ದೆ. ಒಂದು ದಿನ ನರ್ಸಮ್ಮ ಕಂಬಳಿಯ ಒಂದು ತುದಿ ಎತ್ತಿದರು. ಬಿಸಿಲು ಬಿತ್ತು. ಮೈ ಬಾಗಲಿಲ್ಲ. ಇನ್ನೊಂದು ದಿನ ಚಮಚ ಹಲ್ಲಿನ ನಡುವೆ ತೂರಿತು. ಗಂಜಿ. ಉಪ್ಪು ಕಮ್ಮಿಯಿತ್ತು. "ಉಪ್ಪು" ಎಂದೆ. ಜಯಮ್ಮ ಚಮಚ ಕೆಳಗಿಟ್ಟು ಗೊಳೋ ಎಂದು ಅತ್ತಳು. "ಬಂದ್ಯಾ ತಕರಾರ್ ತೆಗ್ಯಾಕೆ" ಎಂದು ಬೈದಳು, ಬೈಯುತ್ತಲೇ ಅತ್ತಳು.

"ಬಚಾವಾದ್ರಿ" ಎಂದರು ಡಾಕ್ಟರು. "ಎಲ್ಲರೂ ಆಗಲ್ಲ."

ಮನೆಗೆ ಬಂದೆ ಎಂದುಕೊಂಡೆ. ಪೂರ್ತಿ ಬಂದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮಂಡಿಗೆ ಕಾಲಿಟ್ಟ ದಿನ ಎಲ್ಲರೂ ಕೆಲಸ ನಿಲ್ಲಿಸಿದರು. ಕೂರು ಎಂದರು, ಬೀಡಿ ಕೊಟ್ಟರು, ಬೆನ್ನು ಸವರಿದರು. ಸಂತೋಷವೇ, ಸುಳ್ಳಲ್ಲ. ಆದರೆ ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. "ಲೇ", "ಇವ್ನೇ", "ಬಾ ಇಲ್ಲಿ". ಎರಡು ದಿನ ನೋಡಿದೆ, ಒಂದು ವಾರ ನೋಡಿದೆ. ಬೇಕೆಂದು ಮಾಡುತ್ತಿರಲಿಲ್ಲ. ಯಾರ ಬಾಗಿಲಿಗೆ ಕಾಯಿ ಇಟ್ಟಿದ್ದರೋ ಅವನ ಹೆಸರು ಅವರ ನಾಲಿಗೆಗೆ ಬರುತ್ತಿರಲಿಲ್ಲ. ಜಯಮ್ಮನಿಗೆ ನೀರಿನ ಹತ್ತಿರ ಹೆಂಗಸರು ದಾರಿ ಬಿಡುತ್ತಿದ್ದರಂತೆ, ಸ್ವಲ್ಪ ಹೆಚ್ಚೇ ದಾರಿ. ಒಬ್ಬಳು ಕುಂಕುಮದ ಬಟ್ಟಲು ಮುಂದೆ ಹಿಡಿದು ಮತ್ತೆ ಹಿಂದಕ್ಕೆ ತೆಗೆದುಕೊಂಡಳಂತೆ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗ ನನಗೂ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಎಡತುಟಿಯ ತುದಿಯಲ್ಲಿ ಆ ನಗು ಒಂಚೂರು ಉಳಿದುಕೊಂಡಿತ್ತು, ಈಗಲೂ ಇದೆ.

ಒಂದು ದಿನ ತಡೆಯಲಾಗಲಿಲ್ಲ. ಗೂಟದ ಮುಂದಿನಿಂದ ಎದ್ದು ನಿಂತು ಕೂಗಾಡಿದೆ. "ಏನ್ರಲಾ, ನಾನೇನ್ ದೆವ್ವಾನಾ? ಸತ್ಮೇಲೆ ಇಕ್ಕೋ ಕಾಯಿ ಬದುಕಿದ್ದಾಗ್ಲೇ ಇಕ್ಕಿದ್ದುಕ್ಕೆ ತಾನೆ ನಾನ್ ಉಳ್ದಿದ್ದು? ಇನ್ಮ್ಯಾಕೆ ಹಂಗೇ ಮಾಡಾನ. ಕಾಯ್ಲೆ ಬಿದ್ದಾಗ್ಲೇ ಕೊಡಾನ. ಯಾರಿಗಾರೂ ಆಗ್ಲಿ."

ಚಿಕ್ಕಣ್ಣ ನಿಧಾನವಾಗಿ ಹೇಳಿದ, "ಕಾಯ್ಲೆಗೆ ಅಂತ ತೆಗ್ದಿಕ್ಕಿದ್ರೆ ಕಾಯ್ಲೆ ಹುಡಿಕ್ಕೊಂಡ್ ಬತ್ತದೆ ಕಣಪ್ಪ."

"ಮನೇಲ್ ಅಕ್ಕಿ ಇಕ್ಕಂಡ್ರೆ ಹಸಿವು ಹುಡಿಕ್ಕೊಂಡ್ ಬತ್ತದಾ? ಇಕ್ಕದಿದ್ರೂ ಬತ್ತದೆ."

ರುದ್ರಪ್ಪ ಕಿಸಕ್ಕನೆ ನಕ್ಕ. ಅಲ್ಲಿಂದ ಮಾತು ಶುರುವಾಯಿತು. ಸಂತೆಯ ದಿನ ಮಂಡಿಯಿಂದ ನಮಗೆ ಕೂಲಿಯ ಮೇಲೆ ಮನೆಗೆಂದು ಕಾಯಿ ಸಿಗುತ್ತದೆ. ಅದರಲ್ಲಿ ಒಂದನ್ನು ಎಲ್ಲರೂ ಬಿಡುವುದು. ಮಂಡಿಯ ಹಳೇ ಗಾಡಿ ಕೊಟ್ಟಿಗೆಯ ಮೇಲೆ ಅಟ್ಟ ಖಾಲಿ ಬಿದ್ದಿತ್ತು. ಯಜಮಾನರನ್ನು ಕೇಳಿದೆವು, "ನಿಮ್ಮ ಕಾಯಿ, ನಿಮ್ಮ ಪಾಡು" ಎಂದು ಒಪ್ಪಿದರು. ಅಲ್ಲಿ ಹಾಕಿ ಒಣಗಿಸುವುದು, ನಮ್ಮಲ್ಲಿ ಕಾಯಿಲೆ ಬಿದ್ದವರಿಗೆ, ಬಿದ್ದು ಕೈ ಮುರಿದವರಿಗೆ ಅದರಿಂದ ಕೊಡುವುದು. ತೀರಿಸುವ ಮಾತಿಲ್ಲ. ಎಲ್ಲ ಸರಿಯೆನಿಸಿತು. ಆದರೆ ಮನೆಗೆ ಬಂದು ಹೇಳಿದಾಗ ಜಯಮ್ಮ ತಲೆ ಆಡಿಸಲಿಲ್ಲ.

"ಕಾಯಿ ಕೊಡೋದು ಇರ್ಲಿ. ಹೆಂಗ್ ಕೊಡ್ತೀರಿ? ಮತ್ತೆ ಹಂಗೇ ಮೂಗ್ರಂಗೆ ಬಂದು ಬಾಗ್ಲಿಗೆ ಇಕ್ಕಿ ಹೋಯ್ತೀರಾ? ಒಳಗ್ ಮಲಗಿರೋ ಗಂಡ ಸತ್ನೋ ಇದ್ನೋ ಅಂತ ಹೆಂಡ್ತಿ ಎದೆ ಒಡ್ಕೊಂಡ್ ಸಾಯ್ಲಾ?"

ಮಾರನೆಯ ದಿನ ಅವಳೇ ಮಂಡಿಗೆ ಬಂದಳು. ಗಂಡಸರ ನಡುವೆ ನಿಂತು ಹೇಳಿದಳು: ಕಾಯಿ ತರುವವರು ಬೀದಿಯಿಂದಲೇ ಕಾಯಿಲೆಯವನ ಹೆಸರು ಕೂಗಿಕೊಂಡು ಬರಬೇಕು. ಅವನು ಒಳಗಿನಿಂದ ಓಗೊಡಬೇಕು. ಓಗೊಡುವ ತನಕ ಕಾಯಿ ಕೈಯಲ್ಲೇ ಇರಬೇಕು, ನೆಲ ಮುಟ್ಟಬಾರದು. ಬಾಯಿ ಕಟ್ಟಿದವನಾದರೆ ಹೆಂಡತಿ ಅವನ ಕೈ ಹಿಡಿದು ಅವನ ಪರವಾಗಿ ಓಗೊಡಲಿ. ಇಷ್ಟು ಹೇಳಿ ನನ್ನ ಕಡೆ ತಿರುಗಿ, ಎಲ್ಲರೆದುರು, ಜೀವಮಾನದಲ್ಲಿ ಮೊದಲ ಸಲ ಗಂಡನ ಹೆಸರು ಹಿಡಿದು ಕೂಗಿದಳು. "ತಿಮ್ಮಣ್ಣಾ!"

"ಇದ್ದೀನಿ" ಎಂದೆ. ಮಂಡಿಯವರು ಹೋ ಎಂದರು. ಅವತ್ತಿನಿಂದ ಅವರ ನಾಲಿಗೆಗೂ ನನ್ನ ಹೆಸರು ಬಂತು.

ಮೊದಲ ಕಾಯಿ ಒಣಗುವಷ್ಟರಲ್ಲಿ ರುದ್ರಪ್ಪನಿಗೆ ಕೆಮ್ಮಿನಲ್ಲಿ ರಕ್ತ ಬಂತು. ಟಿ.ಬಿ. ಎಂದರು. ಅವನ ಹೆಂಡತಿ ಗೌರಮ್ಮನಿಗೆ ನಾವು ಬರುವ ಸುದ್ದಿ ಮುಟ್ಟಿತ್ತು. ಬಾಗಿಲು ಹಾಕಿಕೊಂಡು ಹೊರಗೆ ಅಡ್ಡ ನಿಂತಿದ್ದಳು. "ಬ್ಯಾಡ, ನಿಮ್ ದಮ್ಮಯ್ಯ, ವಾಪಸ್ ಹೋಗಿ" ಎಂದು ಎರಡೂ ಕೈ ಚಾಚಿದಳು. ಜಯಮ್ಮ ಹೋಗಿ ಅವಳ ಪಕ್ಕ ನಿಂತಳು. ತನ್ನ ಬಳೆಗೈಯಿಂದ ಅವಳ ಕೈ ಹಿಡಿದುಕೊಂಡಳು.

ನಾನು ಕೂಗಿದೆ. "ರುದ್ರಪ್ಪಾ!"

ಒಳಗಿನಿಂದ ಉತ್ತರವಿಲ್ಲ.

ಬೀದಿಯುದ್ದಕ್ಕೂ ಮಂಡಿಯವರು ಕಾಯಿ ಎದೆಗೆ ಹಿಡಿದು ನಿಂತಿದ್ದರು. ಸಂಜೆ ಬಿಸಿಲು ಇನ್ನೂ ಇತ್ತು, ಆದರೂ ನನಗೆ ಆ ರೂಮಿನ ಕತ್ತಲೆ ಕಣ್ಣಿಗೆ ಕಟ್ಟಿತು. ಅವನು ಒಳಗೆ ಕೇಳಿಸಿಕೊಳ್ಳುತ್ತಿದ್ದಾನೋ? ಗಂಟಲು ಒದ್ದಾಡುತ್ತಿದೆಯೋ? ಗೌರಮ್ಮನ ಮುಖ ಬಿಳಿಚಿತು. ಕಾಯಿಲೆ ನಿಜಕ್ಕೂ ಹುಡುಕಿಕೊಂಡು ಬಂದಿತೇ, ಅಟ್ಟಕ್ಕೆ ಕಾಯಿ ಹಾಕಿಸಿ ನಾನೇ ಕರೆದೆನೇ ಎಂದು ಭಯವಾಯಿತು.

"ರುದ್ರಪ್ಪಾ! ಲೇ ರುದ್ರಪ್ಪಾ! ನಾನ್ ಕಣ್ಲಾ, ತಿಮ್ಮಣ್ಣ!"

ಒಳಗೆ ಕೆಮ್ಮು. ಉದ್ದದ ಕೆಮ್ಮು. ಅದು ಮುಗಿಯುವ ತನಕ ಕಾಯಿ ಎಲ್ಲರ ಕೈಯಲ್ಲೇ ಇದ್ದವು.

"ಇದ್ದೀನಿ ಕಣ್ಲಾ... ಪಂಚೆ ಉಟ್ಕತ್ತಿದ್ದೆ. ಒಳಕ್ ಬರ್ರಿ."